ಚೆಂಡು ಬೇಸ್‌ಲೈನ್ ದಾಟುತ್ತಿದೆ: ರ‍್ಯಾಕೆಟ್ ಬದಲಿಸಬೇಕೋ, ಗಟ್ಟಿಂಗ್ ಬದಲಿಸಬೇಕೋ?

ಪ್ರಶ್ನೆ: ನನಗೆ 38 ವರ್ಷ. ಮಂಗಳೂರಿನಲ್ಲಿ ಆರು ವರ್ಷ ಟೆನಿಸ್ ಆಡಿ, ಕಳೆದ ವರ್ಷ ಕೆಲಸದ ನಿಮಿತ್ತ ಬೆಂಗಳೂರಿಗೆ ಬಂದೆ. ವಾರಕ್ಕೆ ಮೂರು ದಿನ, ಒಂದೂವರೆ ಗಂಟೆಯಂತೆ ಹಾರ್ಡ್ ಕೋರ್ಟಿನಲ್ಲಿ ಆಡುತ್ತೇನೆ. ನನ್ನದು 100 ಚದರ ಇಂಚಿನ ಮುಖದ, 300 ಗ್ರಾಂ ತೂಕದ, 16x19 ಪ್ಯಾಟರ್ನಿನ (16 ಉದ್ದ, 19 ಅಡ್ಡ ಸ್ಟ್ರಿಂಗುಗಳ) ಗಡುಸಾದ ರ‍್ಯಾಕೆಟ್. ಇಲ್ಲಿಗೆ ಬಂದ ಮೇಲೆ ಫೋರ್‌ಹ್ಯಾಂಡ್ ಪದೇ ಪದೇ ಬೇಸ್‌ಲೈನ್ ದಾಟುತ್ತಿದೆ. ಪಾಲಿಯೆಸ್ಟರ್ ಸ್ಟ್ರಿಂಗ್ ಹಾಕಿಸಿದ್ದೇನೆ. ಟೆನ್ಷನ್ನನ್ನು (ಸ್ಟ್ರಿಂಗಿನ ಬಿಗಿ) 52 ಪೌಂಡ್‌ನಿಂದ 55ಕ್ಕೆ, ಆಮೇಲೆ 58ಕ್ಕೆ ಏರಿಸಿದೆ. ಮೊದಲೆರಡು ವಾರ ಪರವಾಗಿಲ್ಲ ಅನಿಸಿತು, ಮತ್ತೆ ಅದೇ ಕಥೆ. ಸ್ಟ್ರಿಂಗ್ ತುಂಡಾಗಿಲ್ಲ, ಹಾಗಾಗಿ ಐದು ತಿಂಗಳಿಂದ ಅದೇ ಇದೆ. ಈಗ ಮೊಣಕೈಯ ಹೊರಭಾಗದಲ್ಲಿ ನೋವು ಶುರುವಾಗಿದೆ. 98 ಇಂಚಿನ 18x20 ತೆಗೆದುಕೊಳ್ಳಿ ಎಂದು ಒಬ್ಬ ಗೆಳೆಯರ ಸಲಹೆ. ಸ್ಪಿನ್ ಬೇಕಿದ್ದರೆ ಅದರ ಹತ್ತಿರವೂ ಹೋಗಬೇಡಿ ಎಂದು ಇನ್ನೊಬ್ಬರ ಸಲಹೆ. ಗಟ್ಟಿಂಗ್ ಮಾಡುವವರು, ಅಂದರೆ ಸ್ಟ್ರಿಂಗ್ ಹಾಕುವವರು, ಫ್ರೇಮಿಗೆ ಲೆಡ್ ಟೇಪ್ (ತೂಕ ಹೆಚ್ಚಿಸುವ ಸೀಸದ ಅಂಟುಪಟ್ಟಿ) ಅಂಟಿಸಿ ನೋಡಿ ಅನ್ನುತ್ತಾರೆ. ನನಗೆ ಕಂಟ್ರೋಲ್ ಬೇಕು, ಸ್ಪಿನ್ ಕೂಡ ಬೇಕು. ಯಾವುದರಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಊರು ಬದಲಾಗಿದೆ, ಸ್ಟ್ರಿಂಗ್ ಹಳೆಯದಾಗಿದೆ, ಟೆನ್ಷನ್ ಏರಿದೆ, ಕೈ ನೋಯುತ್ತಿದೆ. ಇವುಗಳಲ್ಲಿ ಫ್ರೇಮಿನ ಪಾಲು ಎಷ್ಟು ಎಂಬುದು ಉಳಿದ ಮೂರನ್ನು ಸರಿಪಡಿಸಿದ ಮೇಲಷ್ಟೇ ತಿಳಿಯುತ್ತದೆ. ಆದ್ದರಿಂದ ಹೊಸ ರ‍್ಯಾಕೆಟ್ಟಿನ ದುಡ್ಡನ್ನು ಸದ್ಯಕ್ಕೆ ಹಾಗೇ ಇಟ್ಟುಕೊಳ್ಳಿ. ನಿಮ್ಮ ಕೈಯಲ್ಲಿರುವ ರ‍್ಯಾಕೆಟ್ಟಿನ ಅತಿ ಅಗ್ಗದ ಭಾಗವೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂಬುದು ನನ್ನ ತೀರ್ಮಾನ.

ಐದು ತಿಂಗಳು, ವಾರಕ್ಕೆ ನಾಲ್ಕೂವರೆ ಗಂಟೆ. ಲೆಕ್ಕ ಹಾಕಿದರೆ 90 ಗಂಟೆ ದಾಟುತ್ತದೆ. ಪಾಲಿಯೆಸ್ಟರ್ ಚೆನ್ನಾಗಿ ಕೆಲಸ ಮಾಡುವುದು ಸುಮಾರು 10ರಿಂದ 15 ಗಂಟೆ, ಹದವಾಗಿ ಹೊಡೆಯುವವರಿಗೆ ಹೆಚ್ಚೆಂದರೆ 20. ತುಂಡಾಗದ ಸ್ಟ್ರಿಂಗ್ ಚೆನ್ನಾಗಿಯೇ ಇದೆ ಎಂಬ ನಂಬಿಕೆ ನೈಲಾನ್ ಕಾಲದಿಂದ ಬಂದದ್ದು. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ಟಿಂಗ್ ಮಾಡಿಸಿ ಎಂಬ ಹಳೆಯ ಸೂತ್ರವೂ ಆ ಕಾಲದ್ದೇ. ಪಾಲಿಯೆಸ್ಟರ್ ತುಂಡಾಗುವುದಕ್ಕೆ ಬಹಳ ಮೊದಲೇ ಸತ್ತುಹೋಗುತ್ತದೆ.

ಸತ್ತುಹೋಗುವುದು ಅಂದರೇನು ಎಂದು ತಿಳಿದರೆ ಸ್ಪಿನ್ ಎಲ್ಲಿಂದ ಬರುತ್ತದೆ ಎಂಬುದೂ ತಿಳಿಯುತ್ತದೆ. ರ‍್ಯಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಬೀಸಿದಾಗ ಚೆಂಡು ಸ್ಟ್ರಿಂಗಿನ ಮೇಲೆ ನಿಲ್ಲುವುದು ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ಹೊತ್ತು. ಅಷ್ಟರೊಳಗೆ ಚೆಂಡು ಉದ್ದ ಸ್ಟ್ರಿಂಗುಗಳನ್ನು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಅವು ಅಡ್ಡ ಸ್ಟ್ರಿಂಗುಗಳ ಮೇಲೆ ಜಾರಿ, ಚೆಂಡು ಬಿಟ್ಟುಹೋಗುವ ಮೊದಲೇ ಚಿಮ್ಮಿ ತಮ್ಮ ಜಾಗಕ್ಕೆ ಮರಳಬೇಕು. ಆ ಚಿಮ್ಮುವಿಕೆ ಚೆಂಡನ್ನು ಇನ್ನಷ್ಟು ತಿರುಗಿಸುತ್ತದೆ. ಮೇಲ್ಮೈ ಒರಟಾಗಿದ್ದರೆ ಚೆಂಡನ್ನು ಕಚ್ಚಿ ಹಿಡಿದು ಸ್ಪಿನ್ ಕೊಡುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಚೆಂಡನ್ನು ಹಿಡಿಯಲು ಬಹುತೇಕ ಎಲ್ಲ ಸ್ಟ್ರಿಂಗುಗಳಿಗೂ ಬರುತ್ತದೆ. ಸ್ಟ್ರಿಂಗಿಗೂ ಸ್ಟ್ರಿಂಗಿಗೂ ನಡುವೆ ನುಣುಪು ಇದೆಯೇ ಎಂಬುದೇ ಮುಖ್ಯ.

ಈ ಜಾರುವ ಗುಣವನ್ನು ವಿಪರೀತಕ್ಕೆ ಒಯ್ದರೆ ಏನಾಗುತ್ತದೆ ಎಂಬುದನ್ನು ಟೆನಿಸ್ 1977ರಲ್ಲೇ ಕಂಡಿತ್ತು. ಉದ್ದ ಸ್ಟ್ರಿಂಗುಗಳು ಅಡ್ಡ ಸ್ಟ್ರಿಂಗುಗಳ ಜೊತೆ ಹೆಣೆದುಕೊಳ್ಳದೆ ಸ್ವತಂತ್ರವಾಗಿ ಸರಿದಾಡುವ 'ಸ್ಪಗೆಟಿ' ರ‍್ಯಾಕೆಟ್ ಹಿಡಿದು ರೊಮೇನಿಯಾದ ಆಟಗಾರ ಇಲಿ ನಸ್ಟಾಸೆ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ಆಡಿದಾಗ, ಸೋಲೇ ಕಾಣದೆ ಬರುತ್ತಿದ್ದ ಎದುರಾಳಿ ಗಿಯೆರ್ಮೊ ವಿಲಾಸ್ ಪಂದ್ಯವನ್ನು ಅರ್ಧಕ್ಕೇ ಬಿಟ್ಟು ನಡೆದರು. ಮರುವರ್ಷ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ನಿಯಮ ತಂದು ಅದನ್ನು ನಿಷೇಧಿಸಿತು. ನಿಯಮದ ಒಳಗೇ ಇದ್ದುಕೊಂಡು ಆ ಗುಣದ ಒಂದಂಶವನ್ನು ಮರಳಿ ತಂದದ್ದು ಪಾಲಿಯೆಸ್ಟರ್. 1997ರಲ್ಲಿ ಗುಸ್ತಾವೊ ಕ್ಯುರ್ಟೆನ್ ಅದೇ ಸ್ಟ್ರಿಂಗ್ ಹಾಕಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಅದು ಎಲ್ಲೆಡೆ ಹರಡಿತು.

ಈಗ ನಿಮ್ಮ ರ‍್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಉದ್ದ ಮತ್ತು ಅಡ್ಡ ಸ್ಟ್ರಿಂಗ್ ಸೇರುವಲ್ಲಿ, ಮುಖ್ಯವಾಗಿ ನಡುಭಾಗದಲ್ಲಿ, ಸಣ್ಣ ಕಚ್ಚುಗಳು ಬಿದ್ದಿರುತ್ತವೆ. ನಡುವಿನ ಒಂದು ಉದ್ದ ಸ್ಟ್ರಿಂಗನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಬಿಡಿ. ಹೊಸದಾದರೆ ಟಕ್ಕೆಂದು ಜಾಗಕ್ಕೆ ಮರಳುತ್ತದೆ. ನಿಮ್ಮದು ಆ ಕಚ್ಚಿನಲ್ಲಿ ಸಿಕ್ಕಿಕೊಂಡು ಸರಿಯುವುದೇ ಇಲ್ಲ, ಇಲ್ಲವೇ ಸರಿದರೆ ಅಲ್ಲೇ ನಿಲ್ಲುತ್ತದೆ. ಪಾಯಿಂಟುಗಳ ನಡುವೆ ಕೈಯಿಂದ ಸ್ಟ್ರಿಂಗ್ ನೇರ ಮಾಡಿಕೊಳ್ಳುವ ಅಭ್ಯಾಸ ಶುರುವಾಗಿದ್ದರೆ ಅದೇ ಸೂಚನೆ. ಟೆನ್ಷನ್ ಬೇರೆ ಇಳಿದಿರುತ್ತದೆ. ಪಾಲಿಯೆಸ್ಟರ್ ಮೊದಲ ದಿನದಲ್ಲೇ ಕಣ್ಣಿಗೆ ಕಾಣುವಷ್ಟು ಬಿಗಿ ಕಳೆದುಕೊಳ್ಳುತ್ತದೆ, ಆಮೇಲೂ ಇಳಿಯುತ್ತಲೇ ಹೋಗುತ್ತದೆ. ಹೀಗೆ ಚೆಂಡು ಎತ್ತರಕ್ಕೆ ಏಳುತ್ತದೆ, ಸ್ಪಿನ್ ಕಡಿಮೆಯಾದ್ದರಿಂದ ಕೆಳಗಿಳಿಯುವುದಿಲ್ಲ. ನಿಮ್ಮ 'ಎರಡು ವಾರ ಪರವಾಗಿಲ್ಲ' ಎಂಬ ಮಾತಿನ ಅರ್ಥ ಇಷ್ಟೇ: ಆ ಎರಡು ವಾರ ಕೆಲಸ ಮಾಡಿದ್ದು ಏರಿಸಿದ ಟೆನ್ಷನ್ ಒಂದೇ ಅಲ್ಲ, ಹೊಸ ಸ್ಟ್ರಿಂಗ್.

ಬಿಗಿ ಮಾಡಿದಷ್ಟೂ ಕಂಟ್ರೋಲ್ ಎಂಬ ಮಾತು ಪೂರ್ತಿ ಸುಳ್ಳಲ್ಲ. ಟೆನ್ಷನ್ ಐದಾರು ಪೌಂಡ್ ಹೆಚ್ಚು ಕಡಿಮೆ ಆದರೆ ಚೆಂಡಿನ ವೇಗದಲ್ಲಿ ಆಗುವ ವ್ಯತ್ಯಾಸ ತೀರಾ ಸಣ್ಣದು. ಬದಲಾಗುವುದು ಚೆಂಡು ಸ್ಟ್ರಿಂಗಿನಿಂದ ಹೊರಡುವ ಕೋನ. ಬಿಗಿಯಿದ್ದರೆ ತಗ್ಗಿನಲ್ಲಿ ಹೊರಡುತ್ತದೆ, ಸಡಿಲವಿದ್ದರೆ ಮೇಲಕ್ಕೆ. ಸಡಿಲ ಸ್ಟ್ರಿಂಗ್ 'ಪವರ್' ಕೊಡುತ್ತದೆ ಅನ್ನುವುದು ಹೆಚ್ಚಾಗಿ ಈ ಕೋನದ ಮಾತು. ಆದರೆ ಪಾಲಿಯೆಸ್ಟರನ್ನು 55ರ ಮೇಲೆ ಎಳೆದಾಗ ಉದ್ದ ಸ್ಟ್ರಿಂಗುಗಳ ಸರಿದಾಟವೇ ತಗ್ಗುತ್ತದೆ, ಸ್ವೀಟ್ ಸ್ಪಾಟ್, ಅಂದರೆ ಹೊಡೆತ ಹಿತವಾಗಿ ಕೂರುವ ನಡುಭಾಗ, ಕುಗ್ಗಿದ ಹಾಗೆ ಅನಿಸುತ್ತದೆ, ಗಡುಸು ಫ್ರೇಮಿನ ಪೆಟ್ಟು ನೇರ ಕೈಗೆ ಬರುತ್ತದೆ. ನೀವು ಕೋನವನ್ನು ತಗ್ಗಿಸಲು ಹೋಗಿ, ಚೆಂಡನ್ನು ಅಂಕಣದೊಳಗೆ ಇಳಿಸುವ ಸ್ಪಿನ್ನನ್ನೇ ಕಳೆದುಕೊಂಡಿರಿ. ಪೂರ್ತಿ ಬೀಸಿ ಹೊಡೆಯುವವರಿಗೆ ಸ್ಪಿನ್ನೇ ಕಂಟ್ರೋಲ್. ಅವೆರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ಇಡಬೇಕಿಲ್ಲ.

ಊರಿನ ವಿಷಯಕ್ಕೆ ಬರೋಣ, ಇದನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಮಂಗಳೂರು ಕಡಲ ಮಟ್ಟದ ಊರು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಶೇ 8ರಿಂದ 9ರಷ್ಟು ಕಡಿಮೆ. ಹಾರುವ ಚೆಂಡನ್ನು ತಡೆಯುವುದೂ ಗಾಳಿ, ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ಸ್ಪಿನ್) ಹೊತ್ತ ಚೆಂಡನ್ನು ಕೆಳಕ್ಕೆ ಒತ್ತುವುದೂ ಗಾಳಿ. ಅದು ತೆಳುವಾದರೆ ಎರಡೂ ಒಟ್ಟಿಗೆ ಕಡಿಮೆಯಾಗುತ್ತವೆ. ಇದರ ಜೊತೆಗೆ ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಚೆಂಡಿನೊಳಗಿನ ಒತ್ತಡ ಎದ್ದು ಕಂಡು, ಪುಟಿತವೂ ಚುರುಕಾಗುತ್ತದೆ. ಎತ್ತರದ ಊರುಗಳಿಗೆಂದು ಬೇರೆ ಬಗೆಯ ಚೆಂಡು ಇದೆ, ಆದರೆ ನಿಯಮದ ಪ್ರಕಾರ ಅದು 1,219 ಮೀಟರಿಗಿಂತ ಮೇಲಿನ ಜಾಗಗಳಿಗೆ. ಬೆಂಗಳೂರು ಆ ಗೆರೆಯ ಕೆಳಗೇ ಉಳಿದು, ಕಡಲ ತೀರದ ಚೆಂಡಿನಲ್ಲೇ ಆಡುತ್ತದೆ. ಮಂಗಳೂರಿನಲ್ಲಿ ಗೆರೆಗಿಂತ ಒಂದಡಿ ಒಳಗೆ ಬೀಳುತ್ತಿದ್ದ ಅದೇ ಹೊಡೆತ ಇಲ್ಲಿ ಹೊರಗೆ ಬಿದ್ದರೆ ನಿಮ್ಮ ಕೈ ಕೆಟ್ಟಿತು ಎಂದುಕೊಳ್ಳಬೇಡಿ. ಇದಕ್ಕೆ ಬೇಕಾದರೆ ಹೆಚ್ಚೆಂದರೆ ಎರಡು ಪೌಂಡ್ ಏರಿಸಬಹುದು. ಆರು ಪೌಂಡ್ ಅತಿಯಾಯಿತು. ಇನ್ನೊಂದು ಮಾತು: ಒರಟು ಹಾರ್ಡ್ ಕೋರ್ಟಿನಲ್ಲಿ ಚೆಂಡಿನ ತುಪ್ಪಳ ಬೇಗ ಸವೆಯುತ್ತದೆ. ಬೋಳಾದ ಚೆಂಡು ಗಾಳಿಯನ್ನು ಸೀಳಿಕೊಂಡು ಇನ್ನೂ ದೂರ ಹೋಗುತ್ತದೆ. ಯಾವುದನ್ನೇ ಪರೀಕ್ಷಿಸುವಾಗ ಹೊಸ ಡಬ್ಬಿಯ ಚೆಂಡೇ ಇರಲಿ.

ಮೊಣಕೈ ನೋವನ್ನು ಎಲ್ಲಕ್ಕಿಂತ ಮುಂದೆ ಇಡಬೇಕು. ಹೊರಭಾಗದ ನೋವು, ಹಿಡಿತ ಬಿಗಿ ಮಾಡಿದಾಗ ಹೆಚ್ಚಾಗುವುದು, ಟೆನಿಸ್ ಎಲ್ಬೋದ ಸಾಮಾನ್ಯ ಲಕ್ಷಣ. ಕಾಫಿ ಲೋಟ ಎತ್ತುವಾಗ, ಬಾಗಿಲ ಚಿಲಕ ತಿರುಗಿಸುವಾಗಲೂ ನೋಯುತ್ತಿದ್ದರೆ ಆಟ ನಿಲ್ಲಿಸಿ ಫಿಸಿಯೋಥೆರಪಿಸ್ಟರನ್ನು ಕಾಣಿ. ಆ ಸ್ಥಿತಿಯಲ್ಲಿ ಯಾವ ಪಾಲಿಯೆಸ್ಟರೂ ಬೇಡ, ಪೂರ್ತಿ ಮಲ್ಟಿಫಿಲಮೆಂಟ್ (ನವಿರು ಎಳೆಗಳನ್ನು ಸೇರಿಸಿ ಮಾಡಿದ ಮೆದು ಸ್ಟ್ರಿಂಗ್) ಹಾಕಿಸಿ. ಸ್ಪಿನ್ ಸ್ವಲ್ಪ ಕಡಿಮೆಯಾದರೂ ಆಗಲಿ, ಕೈ ಮೊದಲು. ಸ್ಟ್ರಿಂಗಿನ ನಡುವೆ ಸಿಕ್ಕಿಸುವ ರಬ್ಬರ್ ಡ್ಯಾಂಪ್ನರ್ ನೋವನ್ನು ತಡೆಯುತ್ತದೆ ಎಂಬುದು ಬರೀ ನಂಬಿಕೆ. ಅದು ಸ್ಟ್ರಿಂಗಿನ ಸದ್ದನ್ನು ಅಡಗಿಸುತ್ತದೆ, ಅಷ್ಟೇ. ಫ್ರೇಮಿನಿಂದ ಬರುವ ಪೆಟ್ಟಿಗೆ ಅದು ಅಡ್ಡ ಬರುವುದಿಲ್ಲ.

ಆಡಿದಾಗ ಮಾತ್ರ ಸಣ್ಣಗೆ ನೋಯುತ್ತದೆ ಎನ್ನುವ ಮಟ್ಟದಲ್ಲಿದ್ದರೆ ನಿಮಗೆ ನನ್ನ ಮೊದಲ ಆಯ್ಕೆ ಹೈಬ್ರಿಡ್: ಉದ್ದಕ್ಕೆ ಮೆದುವಾದ, 1.25 ಮಿ.ಮೀ. ದಪ್ಪದ ಪಾಲಿಯೆಸ್ಟರ್, ಅಡ್ಡಕ್ಕೆ 1.30 ಮಿ.ಮೀ. ಮಲ್ಟಿಫಿಲಮೆಂಟ್. ಸ್ಪಿನ್ ಕೊಡುವುದು ಉದ್ದ ಸ್ಟ್ರಿಂಗ್, ಆದ್ದರಿಂದ ಅದನ್ನು ಪಾಲಿಯೆಸ್ಟರ್ ಆಗಿಯೇ ಉಳಿಸಿ, ಅಡ್ಡದ್ದನ್ನು ಮೆದು ಮಾಡುತ್ತೇವೆ. ಇದರ ಕೊರತೆಯೂ ತಿಳಿದಿರಲಿ: ಪಾಲಿಯೆಸ್ಟರ್ ಮೆದು ಸ್ಟ್ರಿಂಗನ್ನು ಗರಗಸದಂತೆ ಕೊಯ್ಯುತ್ತದೆ, ಜೊತೆಗೆ ಜಾರುವಿಕೆ ಪೂರ್ತಿ ಪಾಲಿಯೆಸ್ಟರಿನಷ್ಟು ಹೊತ್ತು ಉಳಿಯುವುದಿಲ್ಲ. ರೋಜರ್ ಫೆಡರರ್ ಇದರ ತಿರುವುಮುರುವು ಹಾಕಿಸುತ್ತಿದ್ದರು, ಉದ್ದಕ್ಕೆ ನ್ಯಾಚುರಲ್ ಗಟ್, ಅಡ್ಡಕ್ಕೆ ಪಾಲಿಯೆಸ್ಟರ್. ಹಸುವಿನ ಕರುಳಿನಿಂದ ಮಾಡುವ ಆ ಗಟ್ ಕೈಗೆ ಎಲ್ಲಕ್ಕಿಂತ ಹಿತ, ಟೆನ್ಷನ್ ಉಳಿಸಿಕೊಳ್ಳುವುದರಲ್ಲೂ ಅದಕ್ಕೆ ಸಾಟಿಯಿಲ್ಲ. ಆದರೆ ಬೆಲೆ ಜಾಸ್ತಿ, ಮಳೆಗಾಲದ ತೇವ ಅದಕ್ಕೆ ಆಗದು, ಹೊರಡುವ ಕೋನವೂ ಎತ್ತರ. ಚೆಂಡು ಹೊರಗೆ ಹೋಗುತ್ತಿದೆ ಎಂಬ ನಿಮ್ಮ ಈಗಿನ ದೂರಿಗೆ ಅದು ಮೊದಲ ಮದ್ದಲ್ಲ. ಎಂಟು ಮೂಲೆಯ, ಐದು ಮೂಲೆಯ ಸ್ಟ್ರಿಂಗುಗಳ ಬಗ್ಗೆ ಅಂಗಡಿಯಲ್ಲಿ ಬಹಳ ಹೇಳುತ್ತಾರೆ. ಹೊಸದರಲ್ಲಿ ಅವುಗಳಿಂದ ಒಂದಿಷ್ಟು ಸಹಾಯವಿದೆ, ಆದರೆ ಮೂಲೆ ಸವೆದ ಮೇಲೆ ಅವೂ ದುಂಡಗಿನ ಸ್ಟ್ರಿಂಗೇ. ನಾಲ್ಕು ಸಲ ಬದಲಿಸಿದ ದುಂಡಗಿನ ಪಾಲಿಯೆಸ್ಟರ್, ಒಂದೇ ಸಲ ಹಾಕಿಸಿ ಮರೆತ ಎಂಟು ಮೂಲೆಯದಕ್ಕಿಂತ ಎಷ್ಟೋ ಮೇಲು. ಖರ್ಚಿನ ಚಿಂತೆಯಿದ್ದರೆ 200 ಮೀಟರಿನ ರೀಲ್ ಕೊಳ್ಳಿ. ಒಂದು ರ‍್ಯಾಕೆಟ್ಟಿಗೆ ಸುಮಾರು 12 ಮೀಟರ್ ಬೇಕು. ಅಂದರೆ 16 ಸಲ ಪೂರ್ತಿ ಪಾಲಿಯೆಸ್ಟರ್, ಹೈಬ್ರಿಡ್ ಆದರೆ ಅದರ ಎರಡರಷ್ಟು. ಜೊತೆಯಲ್ಲಿ ಆಡುವ ಇಬ್ಬರು ಮೂವರು ಸೇರಿ ಕೊಂಡರೆ ಹೊರೆಯಾಗುವುದಿಲ್ಲ.

ಟೆನ್ಷನ್: ಉದ್ದಕ್ಕೆ 52, ಅಡ್ಡದ ಮಲ್ಟಿಫಿಲಮೆಂಟಿಗೆ 54. ಮುಂದೆ ಪೂರ್ತಿ ಪಾಲಿಯೆಸ್ಟರ್ ಹಾಕಿಸಿದರೆ ಉದ್ದಕ್ಕೆ 51, ಅಡ್ಡಕ್ಕೆ 49ರಿಂದ ಶುರು ಮಾಡಿ. ಇಲ್ಲಿ ಒಂದು ಎಡವಟ್ಟು ಆಗುತ್ತದೆ. 52 ಅಂದರೆ ಎಲ್ಲ ಕಡೆಯೂ ಒಂದೇ 52 ಅಲ್ಲ. ಎಲೆಕ್ಟ್ರಾನಿಕ್ ಯಂತ್ರ ಕ್ಲ್ಯಾಂಪ್ ಹಾಕುವವರೆಗೂ ಎಳೆತ ಬಿಡುವುದಿಲ್ಲ. ಕೈಯಿಂದ ತಿರುಗಿಸುವ ಯಂತ್ರ ಹೇಳಿದ ಅಂಕಿ ಮುಟ್ಟಿದ ಕೂಡಲೇ ಲಾಕ್ ಆಗುತ್ತದೆ, ಆಮೇಲೆ ಸ್ಟ್ರಿಂಗ್ ಹಿಗ್ಗಿ ನಿಜವಾದ ಬಿಗಿ ಕೆಳಗಿಳಿಯುತ್ತದೆ. ಮಂಗಳೂರಿನ 52ಕ್ಕೂ ಈಗಿನವರ 52ಕ್ಕೂ ಎರಡು ಮೂರು ಪೌಂಡಿನ ಅಂತರ ಇದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ಒಬ್ಬರ ಹತ್ತಿರವೇ, ಒಂದೇ ಯಂತ್ರದಲ್ಲಿ ಮಾಡಿಸಿ, ದಿನಾಂಕ ಮತ್ತು ಅಂಕಿಯನ್ನು ರ‍್ಯಾಕೆಟ್ಟಿನ ಕುತ್ತಿಗೆಯಲ್ಲಿ ಸಣ್ಣ ಚೀಟಿ ಅಂಟಿಸಿ ಬರೆಯಿಸಿ. ಸ್ಟ್ರಿಂಗಿನ ನಾದದಿಂದ ಬಿಗಿ ಅಳೆಯುವ ಮೊಬೈಲ್ ಆ್ಯಪ್‌ಗಳಿವೆ. ಅವುಗಳ ಅಂಕಿಯನ್ನು ಪ್ರಮಾಣ ಎಂದುಕೊಳ್ಳದೆ, ಮೊದಲ ದಿನಕ್ಕಿಂತ ಎಷ್ಟು ಇಳಿಯಿತು ಎಂದು ನೋಡಲು ಬಳಸಿ. ಕಾರಿನ ಡಿಕ್ಕಿಯಲ್ಲಿ ಬ್ಯಾಗ್ ಬಿಡಬೇಡಿ, ಬಿಸಿಲಿನ ಕಾವಿಗೆ ಸ್ಟ್ರಿಂಗ್ ಆಡದೆಯೇ ಸಡಿಲವಾಗುತ್ತದೆ.

ಪರೀಕ್ಷೆಯೂ ಲೆಕ್ಕವಿಟ್ಟು ಮಾಡುವಂಥದ್ದೇ. ಅರ್ಧ ಗಂಟೆ ಕೈ ಬಿಸಿಯಾದ ಮೇಲೆ ಯಾರನ್ನಾದರೂ ಚೆಂಡು ಹಾಕಲು ನಿಲ್ಲಿಸಿ, 20 ಫೋರ್‌ಹ್ಯಾಂಡ್ ಕ್ರಾಸ್‌ಕೋರ್ಟ್ ಹೊಡೆಯಿರಿ. ಎಷ್ಟು ಹೊರಗೆ, ಎಷ್ಟು ನೆಟ್ಟಿಗೆ, ಎಷ್ಟು ಸರ್ವಿಸ್ ಗೆರೆಯ ಈಚೆಗೇ ಬಿತ್ತು ಎಂದು ಬರೆದಿಡಿ. ಹೊರಗೆ ಹೋಗುವುದು ಇನ್ನೂ ಹೆಚ್ಚಿದ್ದರೆ ಮುಂದಿನ ಸಲ ಎರಡೇ ಪೌಂಡ್ ಏರಿಸಿ. ಚೆಂಡು ಗಿಡ್ಡವಾಗಿ ಬೀಳುತ್ತಿದ್ದರೆ ಎರಡು ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ; ಸ್ಟ್ರಿಂಗೂ ಟೆನ್ಷನ್ನೂ ತೂಕವೂ ಒಟ್ಟಿಗೆ ಬದಲಾದರೆ ಯಾವುದು ಕೆಲಸ ಮಾಡಿತು ಎಂದು ಯಾರಿಗೂ ಹೇಳಲಾಗದು.

ಲೆಡ್ ಟೇಪಿನ ಸಲಹೆ ಒಳ್ಳೆಯದೇ, ಆದರೆ ಎರಡನೆಯ ಹೆಜ್ಜೆ. ಹೊಡೆತ ನಡುವಿನಿಂದ ತಪ್ಪಿದಾಗ ರ‍್ಯಾಕೆಟ್ ಕೈಯಲ್ಲಿ ತಿರುಚಿಕೊಳ್ಳುತ್ತದೆ ಅನಿಸಿದರೆ ಮಾತ್ರ ಅದರ ಅಗತ್ಯ ಇದೆ. ಎಲ್ಲಿ ಅಂಟಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರ‍್ಯಾಕೆಟ್ಟಿನ ಮುಖವನ್ನು ಗಡಿಯಾರ ಎಂದುಕೊಂಡರೆ, 12 ಗಂಟೆಯ ಜಾಗದಲ್ಲಿ 4 ಗ್ರಾಂ ಹಾಕಿದರೆ ಸ್ವಿಂಗ್‌ವೇಟ್ ಸುಮಾರು 13 ಅಂಶ ಏರುತ್ತದೆ. ಅದೇ 4 ಗ್ರಾಮನ್ನು 3 ಮತ್ತು 9 ಗಂಟೆಯ ಜಾಗಕ್ಕೆ ಎರಡೆರಡಾಗಿ ಹಂಚಿದರೆ ಏರುವುದು ಸುಮಾರು 7. ಸ್ವಿಂಗ್‌ವೇಟ್ ಅಂದರೆ ಬೀಸುವಾಗ ರ‍್ಯಾಕೆಟ್ ಎಷ್ಟು ಭಾರ ಅನಿಸುತ್ತದೆ ಎಂಬ ಅಳತೆ. ತುದಿಯಲ್ಲಿ ಹಾಕಿದ ತೂಕ ಚೆಂಡಿನ ಹಿಂದೆ ಬಲ ಕೂಡಿಸುತ್ತದೆ ನಿಜ, ಆದರೆ ಬೀಸು ನಿಧಾನವಾಗುತ್ತದೆ. ಬೀಸು ನಿಧಾನವಾದರೆ ಸ್ಪಿನ್ ಹೋಯಿತು. ನಿಮಗೆ 3 ಮತ್ತು 9 ಗಂಟೆಯ ಜಾಗವೇ ಸರಿ, ಅಲ್ಲಿ ತಿರುಚುವಿಕೆ ತಡೆಯುತ್ತದೆ, ಬೀಸಿಗೆ ಹೊರೆಯಾಗುವುದು ಕಡಿಮೆ.

ಮೊದಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ರ‍್ಯಾಕೆಟ್ ತೂಗಿ. ಪೆಟ್ಟಿಗೆಯ ಮೇಲಿನ 300 ಗ್ರಾಂ ಸ್ಟ್ರಿಂಗ್ ಇಲ್ಲದ ತೂಕ. ಸ್ಟ್ರಿಂಗಿಗೆ 15ರಿಂದ 17 ಗ್ರಾಂ, ಹಿಡಿಯ ಮೇಲೆ ಸುತ್ತುವ ತೆಳು ಪಟ್ಟಿಯಾದ ಓವರ್‌ಗ್ರಿಪ್ಪಿಗೆ ಐದಾರು ಗ್ರಾಂ ಸೇರಿ ನಿಮ್ಮ ಕೈಯಲ್ಲಿರುವುದು 320ರ ಆಸುಪಾಸು. ಆಮೇಲೆ ಮೇಜಿನ ಮೇಲೆ ಪೆನ್ಸಿಲ್ ಇಟ್ಟು ಅದರ ಮೇಲೆ ರ‍್ಯಾಕೆಟ್ಟನ್ನು ತೂಗಾಡಿಸಿ, ಎಲ್ಲಿ ಸಮ ನಿಲ್ಲುತ್ತದೋ ಅಲ್ಲಿಂದ ಹಿಡಿಯ ಬುಡದವರೆಗೆ ಅಳೆದು ಬರೆದುಕೊಳ್ಳಿ. ಕಾಲಿಂಚು ಅಗಲದ ಲೆಡ್ ಟೇಪ್ 10 ಸೆಂ.ಮೀ.ಗೆ ಸುಮಾರು ಒಂದು ಗ್ರಾಂ ತೂಗುತ್ತದೆ. ಫ್ರೇಮಿನ ಒಳಬದಿಯಲ್ಲಿ, ಸ್ಟ್ರಿಂಗಿನ ಎರಡೂ ಪಕ್ಕದಲ್ಲಿ ಬರುವಂತೆ, ಒಂದು ಕಡೆಗೆ ಒಂದು ಗ್ರಾಂನಿಂದ ಶುರು ಮಾಡಿ. ಮೂರು ಸಲ ಆಡಿ, ಕೈ ಒಪ್ಪಿದರೆ ಇನ್ನೊಂದು ಪದರ ಹಾಕಿ. ಎರಡೂ ಕಡೆ ಸೇರಿ 4 ಗ್ರಾಂ ಆದಾಗ ಸಮತೂಕದ ಬಿಂದು ತಲೆಯ ಕಡೆಗೆ ಎರಡು ಮಿ.ಮೀ.ಗೂ ತುಸು ಹೆಚ್ಚು ಸರಿಯುತ್ತದೆ. ಅದನ್ನು ಮೊದಲಿನ ಜಾಗಕ್ಕೆ ತರಬೇಕಿದ್ದರೆ ಹಿಡಿಯ ಮೇಲ್ತುದಿಯಲ್ಲಿ, ಗ್ರಿಪ್ಪಿನ ಅಡಿಯಲ್ಲಿ ನಾಲ್ಕೂವರೆ ಗ್ರಾಂ ಸುತ್ತಿ. ಬುಡದ ಮುಚ್ಚಳದೊಳಗೆ ಹಾಕುವುದಾದರೆ ಎರಡು ಗ್ರಾಂ ಚಿಲ್ಲರೆ ಸಾಕು. ಹಿಡಿಯಲ್ಲಿ ಹಾಕಿದ ತೂಕ ಸ್ವಿಂಗ್‌ವೇಟನ್ನು ಹೆಚ್ಚಿಸುವುದೇ ಇಲ್ಲ ಅನ್ನಬಹುದು. ಸೀಸ ವಿಷ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಟೇಪಿನ ಮೇಲೆ ಇನ್ನೊಂದು ಅಂಟುಪಟ್ಟಿ ಹಾಕಿ ಮುಚ್ಚಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಟಂಗ್‌ಸ್ಟನ್ ಟೇಪನ್ನೇ ಕೊಳ್ಳಿ. ನೋವು ಪೂರ್ತಿ ಹೋಗುವವರೆಗೆ ಇದಾವುದೂ ಬೇಡ.

ಹಿಡಿಯ ಗಾತ್ರವನ್ನು ನೀವು ಬರೆದಿಲ್ಲ, ಅದನ್ನೂ ನೋಡಿಬಿಡಿ. ಆಡುವಂತೆ ಹಿಡಿದಾಗ ಬೆರಳ ತುದಿಗಳಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಸಲೀಸಾಗಿ ಕೂರಬೇಕು. ಕೂರದಿದ್ದರೆ ಹಿಡಿ ಸಣ್ಣದು, ನೀವು ಹಿಚುಕಿ ಹಿಡಿಯುತ್ತಿದ್ದೀರಿ; ಮೊಣಕೈ ನೋವಿಗೆ ಅದೂ ಒಂದು ದಾರಿ. ಒಂದು ಓವರ್‌ಗ್ರಿಪ್ ಸುತ್ತಿದರೆ ಸುಮಾರು ಅರ್ಧ ಸೈಜ್ ದಪ್ಪವಾಗುತ್ತದೆ. ಸಣ್ಣದನ್ನು ದಪ್ಪ ಮಾಡಬಹುದು, ದಪ್ಪದ್ದನ್ನು ಸಣ್ಣ ಮಾಡುವುದು ಕಷ್ಟ. ಹಾಗಾಗಿ ಅನುಮಾನವಿದ್ದರೆ L3 ಗಾತ್ರದ ಹಿಡಿಗಿಂತ ಒಂದು ಸೈಜ್ ಸಣ್ಣದಾದ L2 ಕೊಳ್ಳುವುದು ಜಾಣತನ.

ಇಷ್ಟೆಲ್ಲ ಮಾಡಿ ಎರಡು ತಿಂಗಳ ಮೇಲೂ ಚೆಂಡು ಹೊರಗೇ ಹೋಗುತ್ತಿದ್ದರೆ, ಅಥವಾ ಫ್ರೇಮಿನ ಗಡುಸುತನಕ್ಕೆ ಕೈ ಒಗ್ಗದಿದ್ದರೆ, ಆಗ ಫ್ರೇಮ್ ಬದಲಿಸುವ ಮಾತು. ನಿಮ್ಮಿಬ್ಬರು ಗೆಳೆಯರೂ ಅರ್ಧ ಸರಿ. 18x20ರಲ್ಲಿ ಸ್ಟ್ರಿಂಗುಗಳು ಒತ್ತಾಗಿರುವುದರಿಂದ ಚೆಂಡು ತಗ್ಗಿನಲ್ಲಿ, ನೆಚ್ಚಿಕೊಳ್ಳಬಹುದಾದ ಕೋನದಲ್ಲಿ ಹೊರಡುತ್ತದೆ. ಉದ್ದ ಸ್ಟ್ರಿಂಗಿಗೆ ಸರಿಯಲು ಜಾಗ ಕಡಿಮೆ. ನೇರವಾಗಿ, ಚಪ್ಪಟೆಯಾಗಿ ಹೊಡೆಯುವವರಿಗೆ ಅದು ವರ. ಸ್ಪಿನ್ ಬರುವುದೇ ಇಲ್ಲ ಎಂಬುದು ತಪ್ಪು, ಸ್ಪಿನ್ನಿನ ದೊಡ್ಡ ಪಾಲು ನಿಮ್ಮ ಬೀಸಿನ ದಾರಿ ಮತ್ತು ವೇಗದಿಂದ ಬರುತ್ತದೆ. ಆದರೆ 16x19ಕ್ಕೆ ಒಗ್ಗಿದ ಕೈ 18x20 ಹಿಡಿದಾಗ ಮೊದಲ ವಾರಗಳಲ್ಲಿ ಚೆಂಡು ನೆಟ್ಟಿಗೆ ಬೀಳುತ್ತದೆ. ಆಗ ಟೆನ್ಷನ್ ಎರಡು ಮೂರು ಪೌಂಡ್ ಇಳಿಸಿ ನೋಡಬೇಕು.

ನೀವು ಬಯಸುವ ಎರಡನ್ನೂ ಕೊಡುವುದು ನಡುವಿನ ದಾರಿ: 98 ಇಂಚು, ಸ್ಟ್ರಿಂಗ್ ಇಲ್ಲದೆ 305 ಗ್ರಾಂ, ಬಾಗುವ ಗುಣ ಸ್ವಲ್ಪ ಹೆಚ್ಚಿರುವ ಫ್ರೇಮ್. ವಿಲ್ಸನ್ ಬ್ಲೇಡ್ 98 ಮೆದು, ಫ್ರೇಮಿನ ದಪ್ಪ ಕಡಿಮೆ, 16x19 ಮತ್ತು 18x20 ಎರಡರಲ್ಲೂ ಸಿಗುತ್ತದೆ, ನಿಮಗೆ 16x19. ಯೋನೆಕ್ಸ್ ವಿಕೋರ್ 98 ಕೂಡ 16x19, ಸ್ಪಿನ್ನಿನ ಕಡೆಗೆ ಇನ್ನಷ್ಟು ವಾಲಿದ್ದು. ಬಬೊಲಾಟ್ ಪ್ಯೂರ್ ಏರೋ 98ರದ್ದು 16x20, ಕೋನ ತುಸು ತಗ್ಗು. ನೂರು ಇಂಚಿನ ಪ್ಯೂರ್ ಏರೋ ಸ್ಪಿನ್ನಿಗೆ ಹೆಸರಾದದ್ದು, ನಡಾಲ್ ಹಿಡಿದದ್ದು ಅದೇ ವಂಶದ ರ‍್ಯಾಕೆಟ್. ಆದರೆ ಅದು ನಿಮ್ಮದರಂತೆಯೇ ಗಡುಸು, ಬಲದ ಕಡೆಗೆ ವಾಲಿದ್ದು. ನಿಮ್ಮ ಮೊಣಕೈಗೆ ನಾನು ಅದನ್ನು ಹೇಳಲಾರೆ. 98ಕ್ಕೆ ಇಳಿದರೆ ತೆರಬೇಕಾದ ಬೆಲೆಯೂ ಇದೆ: ಸ್ವೀಟ್ ಸ್ಪಾಟ್ ಸಣ್ಣದು, ದಣಿದ ಮೂರನೇ ಸೆಟ್ಟಿನಲ್ಲಿ ಕಾಲು ತಡವಾದರೆ ಚೆಂಡು ಗಿಡ್ಡ ಬೀಳುತ್ತದೆ. ಫೆಡರರ್ 2014ರಲ್ಲಿ 90ರಿಂದ 97ಕ್ಕೆ, ಅಂದರೆ ದೊಡ್ಡ ಮುಖಕ್ಕೆ ಹೋದರು ಎಂಬುದನ್ನೂ ನೆನಪಿಡಿ. ಸಣ್ಣ ಮುಖವೇ ಕಂಟ್ರೋಲ್ ಎಂದು ಯಾರಾದರೂ ಒತ್ತಾಯಿಸಿದರೆ 98ಕ್ಕಿಂತ ಕೆಳಗೆ ಹೋಗಬೇಡಿ.

ಕೊಳ್ಳುವ ಮೊದಲು ಅಂಗಡಿಯವರು ಪರೀಕ್ಷೆಗೆ ಕೊಡುವ ಡೆಮೊ ರ‍್ಯಾಕೆಟ್ ತಂದು ಆಡಿ. ಡೆಮೊದಲ್ಲಿ ಇರುವುದು ಎಷ್ಟೋ ತಿಂಗಳ ಹಳೆಯ ಸ್ಟ್ರಿಂಗ್. ಸತ್ತ ಸ್ಟ್ರಿಂಗಿನಲ್ಲಿ ಯಾವ ಫ್ರೇಮೂ ತನ್ನ ಗುಣ ತೋರಿಸುವುದಿಲ್ಲ. ಗಟ್ಟಿಂಗ್ ಖರ್ಚು ನನ್ನದು ಎಂದು ಹೇಳಿ ನಿಮ್ಮ ಹೈಬ್ರಿಡ್ಡನ್ನೇ 52/54ರಲ್ಲಿ ಹಾಕಿಸಿ, ಅದೇ 20 ಚೆಂಡಿನ ಲೆಕ್ಕ ಇಡಿ. ನಿಮ್ಮ ಹಳೆಯ ರ‍್ಯಾಕೆಟ್ಟಿಗೂ ಅದೇ ದಿನ ಅದೇ ಗಟ್ಟಿಂಗ್ ಇರಲಿ. ಎರಡರ ನಡುವೆ ಮೂರು ನಾಲ್ಕು ಚೆಂಡಿನ ಅಂತರವೂ ಕಾಣದಿದ್ದರೆ ಹಳೆಯದನ್ನೇ ಇಟ್ಟುಕೊಂಡು, ಆ ದುಡ್ಡಿನಲ್ಲಿ ವರ್ಷವಿಡೀ ನಾಲ್ಕು ವಾರಕ್ಕೊಮ್ಮೆ ಸ್ಟ್ರಿಂಗ್ ಬದಲಿಸಿ.